ಗೊರಸಿನೊಳಗಿನ ಚಿತ್ರ

ಹತ್ತು ವರ್ಷದ ಹಿಂದಿನ ಮಾತು. ಪುಣೆಯ ನಮ್ಮ ಆಫೀಸಿಗೆ ಹೊರದೇಶದ ಒಂದು ಕುದುರೆ ಆಸ್ಪತ್ರೆಯ ಕೆಲಸ ಬಂತು. ಅವರ ಹಳೆಯ ಎಕ್ಸ್-ರೇ ಚಿತ್ರಗಳನ್ನೆಲ್ಲ ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸಬೇಕು. ದಾರಿಯಲ್ಲಿ ಒಂದೂ ಕಳೆಯಬಾರದು, ಒಂದರ ಹೆಸರು ಇನ್ನೊಂದಕ್ಕೆ ಅಂಟಬಾರದು. ಮನುಷ್ಯರ ಆಸ್ಪತ್ರೆಗಳಿಗೆ ಇಂಥ ಕೆಲಸವನ್ನು ಮೊದಲೇ ಮಾಡಿದ್ದ ತಂಡ ನಮ್ಮದು. ಕುದುರೆಯಾದರೇನು, ಮನುಷ್ಯನಾದರೇನು, ಫೈಲು ಫೈಲೇ ಎಂದುಕೊಂಡು ಒಪ್ಪಿಕೊಂಡೆ. ಎರಡನೇ ದಿನವೇ ತಂಡದ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ರೋಗಿಯ ಹೆಸರಿನ ಕೆಳಗೆ ನಾವು ಎಂದೂ ತುಂಬದ ಕೆಲವು ಕಾಲಂಗಳಿದ್ದವು. ಪ್ರಾಣಿ ಯಾವುದು, ತಳಿ ಯಾವುದು, ಬೀಜ ಒಡೆದಿದೆಯೋ ಇಲ್ಲವೋ, ಮತ್ತು ಕೊನೆಗೆ, ಈ ರೋಗಿಗೆ ಜವಾಬ್ದಾರರು ಯಾರು. "ಇವನ್ನೆಲ್ಲ ಖಾಲಿ ಬಿಡೋಣವಾ ಸರ್?" ಎಂದು ಕೇಳಿದಳು. ಬಿಡಬೇಡ ಎಂದೆ.

ಆ ಕಾಲಂಗಳನ್ನು ನೋಡುತ್ತ ನನಗೆ ನೆನಪಾದದ್ದು ಕುದುರೆಯಲ್ಲ, ಎತ್ತು.

1991ರ ಬೇಸಿಗೆ. ಗದಗ ಸೀಮೆಯ ನಮ್ಮೂರಿನಲ್ಲಿ ಅಜ್ಜನ ಬಳಿ ಒಂದು ಜೋಡಿ ಖಿಲಾರಿ ಎತ್ತುಗಳಿದ್ದವು. ಎಡಗಡೆ ಹೂಡುತ್ತಿದ್ದ ಎತ್ತಿನ ಹೆಸರು ಸೋಮ. ಹಳ್ಳ ದಾಟುವಾಗ ಅದರ ಮುಂಗಾಲು ಕಲ್ಲಿನ ಸಂದಿಯಲ್ಲಿ ಸಿಕ್ಕಿತು, ಹಿಂದಿನಿಂದ ಬಂಡಿ ನೂಕಿತು. ಮರುದಿನ ಬೆಳಿಗ್ಗೆ ಅದು ಕಾಲೂರಲಿಲ್ಲ. ಗಾಯವಿಲ್ಲ, ರಕ್ತವಿಲ್ಲ, ಮುಟ್ಟಿದರೆ ಗೊರಸು ಬೆಚ್ಚಗಿತ್ತು, ಅಷ್ಟೆ. ನಿಂತರೆ ಎರಡು ಮುಂಗಾಲನ್ನೂ ಕತ್ತರಿಯ ಹಾಗೆ ಹೆಣೆದು ನಿಲ್ಲುತ್ತಿತ್ತು. ನಾವು ಹುಡುಗರು ಅದನ್ನು ಕಂಡು ನಕ್ಕಿದ್ದೆವು. ದನದ ಡಾಕ್ಟರು ಬಂದು ಕಾಲನ್ನು ಒತ್ತಿ, ಬಗ್ಗಿಸಿ, ಇಕ್ಕಳದಿಂದ ಗೊರಸನ್ನು ಅಮುಕಿ ನೋಡಿ ಎದ್ದುನಿಂತರು.

"ಯಜಮಾನ್ರ, ಒಳಗ ಎಲುಬು ಮುರದೈತೋ, ಕೀವು ತುಂಬೈತೋ ಮ್ಯಾಲಿಂದ ತಿಳ್ಯಾಂಗಿಲ್ಲ. ಫೋಟೋ ತಗಸಬೇಕು."

"ಎಲ್ಲಿ ತಗೀತಾರ್ರಿ?"

"ಇಷ್ಟು ದೊಡ್ಡ ದನದ್ದು ತಗಿಯೋ ಮಶೀನು ನನಗ ಗೊತ್ತಿದ್ದಂಗ ಬೆಂಗಳೂರಾಗ ಐತಿ."

ಅಜ್ಜ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಒಂದು ಕಾಲಿನ ಫೋಟೋ ತಗಸಾಕ ಲಾರಿಯಾಗ ನಿಂದರಿಸಿಕೊಂಡು ಹೋದರ, ಅಲ್ಲಿ ಮುಟ್ಟೋದ್ರಾಗ ಉಳದ ಮೂರು ಕಾಲೂ ಹೋಗ್ತಾವ್ರಿ" ಎಂದ. ಡಾಕ್ಟರೂ ಇಲ್ಲವೆನ್ನಲಿಲ್ಲ. ಮೂರು ವಾರ ಅರಿಷಿಣದ ಪಟ್ಟು ಹಾಕಿ ನೋಡಿದರು. ನಾಲ್ಕನೇ ವಾರ ದಲಾಲಿ ಮನೆಗೇ ಬಂದ. ಕುಂಟುವ ಎತ್ತನ್ನು ಯಾರು, ಯಾಕೆ ಕೊಳ್ಳುತ್ತಾರೆಂಬುದನ್ನು ರೈತರ ಮನೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಪ್ರಾಜೆಕ್ಟಿನ ನೆಪದಲ್ಲಿ ದೊಡ್ಡ ಪ್ರಾಣಿಗಳ ಎಕ್ಸ್-ರೇ ಚರಿತ್ರೆಯನ್ನು ಓದತೊಡಗಿದವನು ಕೆಲಸ ಮುಗಿದ ಮೇಲೂ ಬಿಡಲಿಲ್ಲ. ಯಂತ್ರಗಳ ಚರಿತ್ರೆ ಎಂದು ಹಿಡಿದದ್ದು ಓದುತ್ತ ಓದುತ್ತ ಬೆಲೆಗಳ ಚರಿತ್ರೆಯಾಯಿತು. ಯಾವ ಪ್ರಾಣಿಯ ಕಾಲಿಗೆ ಯಾವ ಕಾಲದಲ್ಲಿ ಎಷ್ಟು ಬೆಲೆಯಿತ್ತೋ ಆ ಕಾಲಿನ ಹತ್ತಿರಕ್ಕೆ ಯಂತ್ರ ಆಗ ಹೋಗಿದೆ.

ವಿಲ್ಹೆಲ್ಮ್ ರಾಂಟ್‌ಗೆನ್ ಜರ್ಮನಿಯ ವೂರ್ಟ್ಸ್‌ಬುರ್ಗ್‌ನಲ್ಲಿ ಈ ಕಿರಣಗಳನ್ನು ಕಂಡದ್ದು 1895ರ ನವೆಂಬರ್ 8ರಂದು. ಡಿಸೆಂಬರ್ 22ಕ್ಕೆ ಹೆಂಡತಿಯ ಕೈಯ ಚಿತ್ರ ತೆಗೆದ. ಉಂಗುರ ತೊಟ್ಟ ಆ ಎಲುಬಿನ ಬೆರಳುಗಳನ್ನು ಶಾಲೆಯ ಪುಸ್ತಕದಲ್ಲಿ ಎಲ್ಲರೂ ನೋಡಿದ್ದೇವೆ. ಶಾಲೆಯ ಪುಸ್ತಕದಲ್ಲಿ ಇಲ್ಲದ್ದೆಂದರೆ, ಅದಾಗಿ ವರ್ಷ ತುಂಬುವ ಮೊದಲೇ, 1896ರಲ್ಲಿ, ಪಶುವೈದ್ಯರು ಕುದುರೆಯ ಗೊರಸಿನ ಚಿತ್ರಕ್ಕೆ ಕೈಹಾಕಿದ್ದರು ಎಂಬುದು. ಬರ್ಲಿನ್ನಿನಲ್ಲಿ ರಿಚರ್ಡ್ ಎಬರ್ಲೀನ್, ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನಲ್ಲಿ ಫ್ರೆಡರಿಕ್ ಹಾಬ್ಡೇ ಈ ದಾರಿಯಲ್ಲಿ ಮೊದಲಿಗರು. ಆ ಲಂಡನ್ ಕಾಲೇಜಿಗೂ ಕುದುರೆಯ ಒಳಗನ್ನು ನೋಡುವ ಹಂಬಲಕ್ಕೂ ಹಳೆಯ ನಂಟು. 1791ರಲ್ಲಿ ಅದು ಶುರುವಾದಾಗ ಮುಖ್ಯಸ್ಥನಾದ ಸೇನ್‌ಬೆಲ್ ಎಂಬ ಫ್ರೆಂಚ್ ವೈದ್ಯ ಹೆಸರು ಮಾಡಿದ್ದೇ ಎರಡು ವರ್ಷ ಮೊದಲು ತೀರಿಕೊಂಡ ಎಕ್ಲಿಪ್ಸ್ ಎಂಬ ಸೋಲಿಲ್ಲದ ಓಟದ ಕುದುರೆಯ ದೇಹವನ್ನು ಬಿಚ್ಚಿ, ಅಳೆದು. ಅದು ಯಾಕಷ್ಟು ಜೋರಾಗಿ ಓಡುತ್ತಿತ್ತು ಎಂಬ ಗುಟ್ಟು ಎಲುಬಿನಲ್ಲಿರಬೇಕು ಎಂಬುದು ಅಂದಿನವರ ಲೆಕ್ಕ. ಸತ್ತ ಮೇಲೆ ಮಾತ್ರ ಕಾಣುತ್ತಿದ್ದ ಎಲುಬು ನೂರು ವರ್ಷ ಕಳೆದು ನಿಂತ ಕುದುರೆಯಲ್ಲೇ ಕಾಣತೊಡಗಿತು.

ಗೊರಸೇ ಯಾಕೆ ಮೊದಲು? ಅಂದಿನ ಎಕ್ಸ್-ರೇ ಕೊಳವೆಯ ಶಕ್ತಿ ಅಷ್ಟಕ್ಕಷ್ಟೆ. ರಾಂಟ್‌ಗೆನ್‌ನ ಹೆಂಡತಿ ಕೈಯನ್ನು ಸುಮಾರು 15 ನಿಮಿಷ ಅಲ್ಲಾಡಿಸದೆ ಇಟ್ಟುಕೊಂಡಿರಬೇಕಾಯಿತಂತೆ. ಕುದುರೆಗೆ ಅಲ್ಲಾಡಬೇಡ ಎಂದು ಹೇಳುವವರು ಯಾರು? ಎದೆ ಉಸಿರಾಡುತ್ತದೆ, ಹೊಟ್ಟೆ ದಪ್ಪ, ತೊಡೆಯಲ್ಲಿ ಮಾಂಸದ ಗುಡ್ಡ. ಗೊರಸಾದರೆ ನೆಲಕ್ಕೆ ಅಂಟಿಕೊಂಡಿರುತ್ತದೆ, ಅದರಲ್ಲಿ ಮಾಂಸವೇ ಇಲ್ಲ. ಇದು ಭೌತಶಾಸ್ತ್ರದ ಕಾರಣ. ಇನ್ನೊಂದು ಪೇಟೆಯ ಕಾರಣ. ಅಂದಿನ ಊರುಗಳ ಬಸ್ಸು, ಟ್ರಾಮು, ಹಾಲಿನ ಗಾಡಿ, ಅಗ್ನಿಶಾಮಕ ಗಾಡಿ ಎಲ್ಲವೂ ನಡೆಯುತ್ತಿದ್ದದ್ದು ಗೊರಸಿನ ಮೇಲೆ. ನಮ್ಮ ಮುಂಬಯಿಯಲ್ಲಿ 1874ರಲ್ಲಿ ಕುದುರೆ ಟ್ರಾಮು ಶುರುಮಾಡಿದ ಕಂಪನಿಯ ಲಾಯದಲ್ಲಿ 900 ಕುದುರೆಗಳಿದ್ದವು. ಕಲ್ಲು ಹಾಸಿದ ಬೀದಿಯಲ್ಲಿ ದಿನವಿಡೀ ಓಡಿ ಕುಂಟಿದ ಕುದುರೆ, ಎತ್ತುಗಳ ನಡುವೆಯೇ ಪರೇಲಿನಲ್ಲಿ ಬಾಯಿ ಸಕರಬಾಯಿ ಪೆಟಿಟ್ ಪ್ರಾಣಿ ಆಸ್ಪತ್ರೆ ಹುಟ್ಟಿತು, ಅದರ ಆವರಣದಲ್ಲಿ 1886ರಲ್ಲಿ ಮುಂಬಯಿ ಪಶುವೈದ್ಯ ಕಾಲೇಜು ಶುರುವಾಯಿತು. ಪರೇಲಿನ ಮೇಲ್ಸೇತುವೆಯ ಮೇಲೆ ದಿನವೂ ಹಾದುಹೋಗುವ ಕನ್ನಡಿಗರು ಒಮ್ಮೆ ಕೆಳಗಿಳಿದು ನೋಡಬೇಕಾದ ಜಾಗ ಅದು.

ಆದರೆ ಎಕ್ಸ್-ರೇ ಯಂತ್ರ ಗಟ್ಟಿಯಾಗುವ ಹೊತ್ತಿಗೆ ಬೀದಿಯ ಕುದುರೆಯೇ ಕರಗತೊಡಗಿತ್ತು. ಮುಂಬಯಿಯ ಕುದುರೆ ಟ್ರಾಮು 1905ಕ್ಕೆ ನಿಂತಿತು, ಎರಡು ವರ್ಷದಲ್ಲಿ ವಿದ್ಯುತ್ ಟ್ರಾಮು ಬಂತು. ಉಳಿದದ್ದು ಸೈನ್ಯದ ಕುದುರೆ, ಬೇಟೆಯ ಕುದುರೆ, ಓಟದ ಕುದುರೆ. ಅಂದರೆ ದುಡಿಯುವ ಕುದುರೆಗೆಂದು ಹೊರಟ ಬೆಳಕು ಶ್ರೀಮಂತರ ಲಾಯಕ್ಕೆ ಹೋಗಿ ನಿಂತಿತು.

ಈ ನಡುವಿನ ಕಾಲದ ಒಂದು ಕತೆ ನನಗೆ ಬಹಳ ಇಷ್ಟ. ಕುದುರೆಯ ಗೊರಸಿನೊಳಗೆ, ಹಿಂಭಾಗದಲ್ಲಿ, ದೋಣಿಯಾಕಾರದ ಒಂದು ಪುಟ್ಟ ಎಲುಬಿದೆ. ಅದಕ್ಕೇ ಅದನ್ನು ನಾವಿಕ್ಯುಲರ್ ಎನ್ನುತ್ತಾರೆ. ಅದು ಸವೆದರೆ ಕುದುರೆ ಸಣ್ಣಗೆ ಕುಂಟುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಆ ಕಾಲದ ಚಿಕಿತ್ಸೆ ಎಂದರೆ ಪಾದಕ್ಕೆ ಹೋಗುವ ನರವನ್ನೇ ಕತ್ತರಿಸುವುದು. ನೋವು ತಿಳಿಯದ ಕುದುರೆ ನೆಟ್ಟಗೆ ನಡೆಯುತ್ತದೆ. ಹಾಗೆ ನಡೆಯುವಾಗಲೇ ಮಾರಿಬಿಟ್ಟರೆ ಕೊಂಡವನಿಗೆ ಗೊತ್ತಾಗುವುದು ತಡವಾಗಿ. ಈ ಎಲುಬು ಮಾಮೂಲಿ ಚಿತ್ರದಲ್ಲಿ ಮುಂದಿನ ಎಲುಬಿನ ನೆರಳಿನಲ್ಲಿ ಅಡಗಿಕೊಳ್ಳುತ್ತದೆ. 1935ರಲ್ಲಿ ಆಕ್ಸ್‌ಸ್ಪ್ರಿಂಗ್ ಎಂಬ ಬ್ರಿಟಿಷ್ ಪಶುವೈದ್ಯ ಈ ರೋಗದ ಎಕ್ಸ್-ರೇ ಬಗ್ಗೆ ಒಂದು ಲೇಖನ ಬರೆದ. ಕುದುರೆಯ ಗೊರಸನ್ನು ತುದಿಯ ಮೇಲೆ ನಿಲ್ಲಿಸಿದರೆ ಆ ದೋಣಿ ನೆರಳಿನಿಂದ ಹೊರಗೆ ಬಂದು ಕಾಣುತ್ತದೆ. ಹಾಗೆ ನಿಲ್ಲಿಸಲು ಬೇಕಾದದ್ದು ಗಾಡಿ ಕೊರೆದ ಒಂದು ಮರದ ದಿಮ್ಮಿ. ಇಂದಿಗೂ ಕುದುರೆ ಆಸ್ಪತ್ರೆಗಳಲ್ಲಿ ಅದನ್ನು ಆಕ್ಸ್‌ಸ್ಪ್ರಿಂಗ್ ದಿಮ್ಮಿ ಎಂದೇ ಕರೆಯುತ್ತಾರೆ. ಲಕ್ಷಗಟ್ಟಲೆ ಬೆಲೆಯ ಡಿಜಿಟಲ್ ಯಂತ್ರದ ಪಕ್ಕದಲ್ಲಿ ಬಡಗಿ ಅರ್ಧ ಗಂಟೆಯಲ್ಲಿ ಮಾಡಿಕೊಡಬಹುದಾದ ಈ ಮರದ ತುಂಡು ಕೂತಿರುತ್ತದೆ. ಇನ್ನೊಂದು ಇಂಥದೇ ಸಾಮಾನು ಮಕ್ಕಳಾಡುವ ಬಣ್ಣದ ಜೇಡಿ, ಪ್ಲೇ-ಡೋ. ಗೊರಸಿನಡಿಯ ಸಂದುಗಳಲ್ಲಿರುವ ಗಾಳಿ ಚಿತ್ರದಲ್ಲಿ ಕಪ್ಪು ಗೆರೆಯಾಗಿ ಮೂಡಿ ಮುರಿದ ಎಲುಬಿನಂತೆ ಮೋಸ ಮಾಡುತ್ತದೆ. ಅದಕ್ಕೆ ಗೊರಸನ್ನು ತೊಳೆದು, ಸಂದಿಗೆ ಜೇಡಿ ಮೆತ್ತಿ, ಆಮೇಲೆ ಚಿತ್ರ.

ಫಿಲ್ಮಿನ ಕಾಲದ ಪಾಡು ಇಷ್ಟೇ ಅಲ್ಲ. ದೊಡ್ಡ ಯಂತ್ರಗಳು ಪಶುವೈದ್ಯ ಕಾಲೇಜುಗಳ ಒಂದು ಕೋಣೆಯಲ್ಲಿ ಚಾವಣಿಗೆ ತೂಗಿಕೊಂಡಿರುತ್ತಿದ್ದವು; ರೋಗಿಯೇ ಅಲ್ಲಿಗೆ ಬರಬೇಕು. ಎತ್ತಿಕೊಂಡು ಹೋಗಬಹುದಾದ ಸಣ್ಣ ಯಂತ್ರಗಳೂ ಬಂದವು, ಅವುಗಳ ಶಕ್ತಿ ಕಾಲಿನಿಂದ ಮೇಲಕ್ಕೆ ಏರುತ್ತಿರಲಿಲ್ಲ. ವೈದ್ಯ ಹಳ್ಳಿಗೋ ಲಾಯಕ್ಕೋ ಹೋಗಿ ಹತ್ತು ಚಿತ್ರ ತೆಗೆದು, ಮರಳಿ ಬಂದು, ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದು, ಒಣಗಿಸಿ, ದೀಪದ ಪೆಟ್ಟಿಗೆಯ ಮೇಲಿಟ್ಟಾಗ ತಿಳಿಯುವುದು: ಆರರಲ್ಲಿ ಕುದುರೆ ಕಾಲು ಕದಲಿಸಿದೆ, ಎರಡು ಕಪ್ಪಾಗಿವೆ. ಮತ್ತೆ ಹೋಗಬೇಕು. ಇದರ ಜತೆ ಇನ್ನೊಂದು ಅಪಾಯ. ಮನುಷ್ಯನಿಗಾದರೆ ಎಲ್ಲರೂ ಹೊರಗೆ ಹೋಗಿ ಗುಂಡಿ ಒತ್ತಬಹುದು. ಕುದುರೆಯ ಹಗ್ಗ ಒಬ್ಬರು ಹಿಡಿಯಬೇಕು, ಫಿಲ್ಮಿನ ಪೆಟ್ಟಿಗೆಯನ್ನು ಕಾಲಿನ ಹಿಂದೆ ಇನ್ನೊಬ್ಬರು ಹಿಡಿಯಬೇಕು. ಸೀಸದ ಏಪ್ರನ್ನು, ಸೀಸದ ಕೈಚೀಲ ಇದ್ದರೂ ಕಿರಣದ ಪಕ್ಕದಲ್ಲಿ ಕೈಯಿಡುವವನು ಲಾಯದ ಹುಡುಗನೇ. ಉದ್ದ ಹಿಡಿಕೆಯ ಚೌಕಟ್ಟು ಬಂದದ್ದು ಆ ಕೈಯನ್ನು ದೂರವಿಡಲು. ಪ್ರತಿ ಮರುಚಿತ್ರವೂ ಆ ಹುಡುಗನ ಲೆಕ್ಕಕ್ಕೆ ಇನ್ನಷ್ಟು ವಿಕಿರಣ ಎಂಬುದನ್ನು ಯಂತ್ರದ ಚರಿತ್ರೆ ಬರೆಯುವವರು ಹೆಚ್ಚು ಹೇಳುವುದಿಲ್ಲ.

ಡಿಜಿಟಲ್ ಎಂಬುದು ಒಮ್ಮೆಲೇ ಬಂದದ್ದಲ್ಲ. ಮೊದಲು ಬಂದದ್ದು ಜಪಾನಿನ ಫ್ಯೂಜಿ ಕಂಪನಿಯ ಫಲಕ, 1980ರ ದಶಕದ ಆರಂಭದಲ್ಲಿ. ಯುರೋಪಿಯಂ ಬೆರೆಸಿದ ಬೇರಿಯಂ ಲವಣವೊಂದನ್ನು ಬಳಿದ ಆ ಫಲಕ ಎಕ್ಸ್-ರೇ ಶಕ್ತಿಯನ್ನು ನುಂಗಿ ಇಟ್ಟುಕೊಳ್ಳುತ್ತದೆ; ಆಮೇಲೆ ಲೇಸರ್ ತಾಗಿಸಿದರೆ ಅದನ್ನು ಬೆಳಕಾಗಿ ಬಿಟ್ಟುಕೊಡುತ್ತದೆ, ಆ ಬೆಳಕನ್ನು ಅಂಕಿಗಳಾಗಿ ಬರೆದುಕೊಳ್ಳುತ್ತಾರೆ. ಕತ್ತಲೆ ಕೋಣೆ ಹೋಯಿತು, ಆದರೆ ಓಡಾಟ ಹೋಗಲಿಲ್ಲ. ಫಲಕವನ್ನು ಓದುವ ಯಂತ್ರ ಇರುವಲ್ಲಿಗೆ ಅದನ್ನು ಒಯ್ಯಲೇಬೇಕಿತ್ತು.

ಓಡಾಟವನ್ನು ತಪ್ಪಿಸಿದ್ದು 1990ರ ದಶಕದಲ್ಲಿ ಬಂದ ಚಪ್ಪಟೆ ಸಂವೇದಕ. ಅದರ ಬೇರು ಆಸ್ಪತ್ರೆಯಲ್ಲಿಲ್ಲ, ನಮ್ಮ ನಿಮ್ಮ ಲ್ಯಾಪ್‌ಟಾಪಿನಲ್ಲಿದೆ. ಪರದೆ ಮಾಡಲು ಗಾಜಿನ ಮೇಲೆ ಸಿಲಿಕಾನಿನ ತೆಳು ಟ್ರಾನ್ಸಿಸ್ಟರುಗಳನ್ನು ಸಾಲುಸಾಲಾಗಿ ಕೂರಿಸುವ ಕಾರ್ಖಾನೆಗಳು ಎದ್ದಿದ್ದವು. ಅದೇ ಗಾಜಿನ ಮೇಲೆ ಸೀಸಿಯಂ ಅಯೋಡೈಡಿನ ಸೂಜಿಯಂಥ ಹರಳುಗಳನ್ನು ಬೆಳೆಸಿದರೆ ಎಕ್ಸ್-ರೇ ಬಿದ್ದಲ್ಲಿ ಬೆಳಕು ಹುಟ್ಟುತ್ತದೆ. ಸೂಜಿಗಳು ಆ ಬೆಳಕನ್ನು ಅಕ್ಕಪಕ್ಕ ಚೆಲ್ಲಗೊಡದೆ ನೇರ ಕೆಳಗಿಳಿಸುತ್ತವೆ. ಕೆಳಗಿನ ಸಿಲಿಕಾನು ಅದನ್ನು ವಿದ್ಯುತ್ತಾಗಿ ಓದುತ್ತದೆ. ಚಿತ್ರವನ್ನು ತೋರಿಸಲು ಹುಟ್ಟಿದ ಪರದೆ ಮಗುಚಿಕೊಂಡು ಚಿತ್ರವನ್ನು ನೋಡತೊಡಗಿತು ಅನ್ನಿ. ಗುಂಡಿ ಒತ್ತಿದ ಕೆಲವು ಸೆಕೆಂಡಿಗೆ, ಕುದುರೆ ಇನ್ನೂ ಅದೇ ಕಾಲ ಮೇಲೆ ನಿಂತಿರುವಾಗಲೇ, ಎಲುಬು ಎದುರಿಗಿರುತ್ತದೆ. ಕದಲಿದ್ದರೆ ಅಲ್ಲೇ ಇನ್ನೊಂದು. ಫಿಲ್ಮಿನಲ್ಲಿ ಸ್ವಲ್ಪ ಹೆಚ್ಚು ಕಡಿಮೆಯಾದರೆ ಚಿತ್ರ ಕೆಟ್ಟಂತೆಯೇ. ಇಲ್ಲಿ ಒಂದೇ ಚಿತ್ರದಲ್ಲಿ ಎಲುಬನ್ನೂ ಗೊರಸಿನ ಅಂಚನ್ನೂ ನೋಡಬಹುದು. ಆಮೇಲೆ ತಂತಿಯೂ ಹೋಯಿತು. ಕೈಯಲ್ಲಿ ಹಿಡಿಯುವ ಬ್ಯಾಟರಿ ಯಂತ್ರ, ಸ್ಲೇಟಿನಂಥ ಫಲಕ, ಒಂದು ಲ್ಯಾಪ್‌ಟಾಪು ಸೇರಿದರೆ ಇಡೀ ಎಕ್ಸ್-ರೇ ಕೋಣೆ ಜೀಪಿನ ಹಿಂಬದಿಯಲ್ಲಿ ಕೂರುತ್ತದೆ. ಬೆಂಗಳೂರಿಗೆ ಹೋಗಬೇಕಾದವರು ಯಾರು ಎಂಬ ನಮ್ಮಜ್ಜನ ತಕರಾರಿಗೆ ಉತ್ತರ ಇಲ್ಲಿದೆ.

ಆದರೆ ಆ ಜೀಪು ಮೊದಲು ಎಲ್ಲಿಗೆ ಹೋಯಿತು?

ಅಮೆರಿಕದ ಕೆಂಟಕಿಯಲ್ಲಿ ಒಂದು ವರ್ಷದ ಓಟದ ಮರಿಗಳ ಹರಾಜು ನಡೆಯುತ್ತದೆ. ಕೊಳ್ಳುವ ಮನಸ್ಸಿದ್ದ ಪ್ರತಿಯೊಬ್ಬನೂ ತನ್ನದೇ ವೈದ್ಯನನ್ನು ಕರೆತಂದು ಅದೇ ಮರಿಯ ಅದೇ ಕಾಲುಗಳ ಚಿತ್ರ ತೆಗೆಸುವ ಕಾಲವೊಂದಿತ್ತು. 1990ರ ದಶಕದಲ್ಲಿ ಇದಕ್ಕೊಂದು ಭಂಡಾರದ ವ್ಯವಸ್ಥೆ ಬಂತು. ಮಾರುವವನೇ ನಾಲ್ಕೂ ಕಾಲಿನ ಕೀಲುಗಳನ್ನು ಮೂವತ್ತಕ್ಕೂ ಹೆಚ್ಚು ಕೋನಗಳಿಂದ ತೆಗೆಸಿ ಅಲ್ಲಿಡಬೇಕು. ಕೊಳ್ಳುವವರ ವೈದ್ಯರು ಅಲ್ಲೇ ಕೂತು ನೋಡಬೇಕು. ಮೊದಲು ಲಕೋಟೆಯಲ್ಲಿ ಫಿಲ್ಮು, ದೀಪದ ಪೆಟ್ಟಿಗೆ, ಆಮೇಲೆ ಕಂಪ್ಯೂಟರು. ಕುದುರೆಯ ಡಿಜಿಟಲ್ ಎಕ್ಸ್-ರೇಗೆ ದೊಡ್ಡ ಗಿರಾಕಿ ಸಿಕ್ಕಿದ್ದು ರೋಗದಿಂದಲ್ಲ, ಇಂಥ ವ್ಯಾಪಾರದಿಂದ. ಹಾಗೆಂದು ವ್ಯಾಪಾರ ಜಾಣವಾಯಿತೇ? 2006ರ ಫೆಬ್ರವರಿಯಲ್ಲಿ ಫ್ಲಾರಿಡಾದ ಹರಾಜೊಂದರಲ್ಲಿ ದಿ ಗ್ರೀನ್ ಮಂಕಿ ಎಂಬ ಎರಡು ವರ್ಷದ ಕುದುರೆ 1.6 ಕೋಟಿ ಡಾಲರಿಗೆ ಹೋಯಿತು. ಅದು ಓಡಿದ್ದು ಮೂರು ಓಟ, ಗೆದ್ದದ್ದು ಸೊನ್ನೆ. ಎಲುಬಿನಲ್ಲಿ ಓಟದ ಗುಟ್ಟಿದೆ ಎಂದು ಎಕ್ಲಿಪ್ಸನ್ನು ಬಿಚ್ಚಿ ಅಳೆದ ಸೇನ್‌ಬೆಲ್ ಇದ್ದಿದ್ದರೆ ಏನೆನ್ನುತ್ತಿದ್ದನೋ.

ಅದೇ ವರ್ಷ ಮೇ 20ರಂದು ಬಾರ್ಬರೋ ಬಿತ್ತು. ಎರಡು ವಾರ ಮೊದಲಷ್ಟೇ ಕೆಂಟಕಿ ಡರ್ಬಿ ಗೆದ್ದಿದ್ದ ಕುದುರೆ ಬಾಲ್ಟಿಮೋರಿನ ಪ್ರೀಕ್ನೆಸ್ ಓಟದಲ್ಲಿ, ಲಕ್ಷಾಂತರ ಜನ ನೋಡುತ್ತಿದ್ದಂತೆ, ಬಲ ಹಿಂಗಾಲು ಮುರಿದುಕೊಂಡಿತು. 1975ರಲ್ಲಿ ರಫಿಯನ್ ಎಂಬ ಹೆಣ್ಣು ಕುದುರೆಗೂ ಹೀಗೇ ಆಗಿತ್ತು. ಶಸ್ತ್ರಚಿಕಿತ್ಸೆಯೇನೋ ಆಯಿತು, ಮತ್ತಿಳಿದು ಎದ್ದ ಕುದುರೆ ಒದ್ದಾಡಿ ಕಟ್ಟನ್ನೇ ಒಡೆದುಕೊಂಡಿತು, ಅದನ್ನು ಉಳಿಸಲಾಗಲಿಲ್ಲ. ಮೂವತ್ತೊಂದು ವರ್ಷದ ನಂತರ ಬಾರ್ಬರೋಗೆ ಇನ್ನೊಂದು ಅವಕಾಶವಿತ್ತು. ಗೊರಸಿನ ಮೇಲಿನ ಎಲುಬು 20ಕ್ಕೂ ಹೆಚ್ಚು ಚೂರಾಗಿದ್ದು ಚಿತ್ರದಲ್ಲಿ ಕಂಡಿತು. ಮರುದಿನ ಪೆನ್ಸಿಲ್ವೇನಿಯಾದ ನ್ಯೂ ಬೋಲ್ಟನ್ ಕೇಂದ್ರದಲ್ಲಿ ಡೀನ್ ರಿಚರ್ಡ್ಸನ್ ಒಂದು ಪಟ್ಟಿ, 27 ಸ್ಕ್ರೂಗಳಿಂದ ಆ ಚೂರುಗಳನ್ನು ಹಿಡಿದು ಕಟ್ಟಿದರು. ಮುರಿದ ಕಾಲು ಕೂಡಿಬರತೊಡಗಿತು. ಆದರೆ ಅದನ್ನು ಎತ್ತಿಟ್ಟು ನಿಂತದ್ದಕ್ಕೆ ಭಾರವೆಲ್ಲ ಇನ್ನೊಂದು ಹಿಂಗಾಲಿನ ಮೇಲೆ ಬಿದ್ದು, ಆ ಗೊರಸಿನೊಳಗೆ ಎಲುಬಿಗೂ ಗೊರಸಿಗೂ ಇರುವ ಹಿಡಿತವೇ ಬಿಟ್ಟುಹೋಯಿತು. 2007ರ ಜನವರಿ 29ರಂದು ಬಾರ್ಬರೋಗೆ ದಯಾಮರಣ ಕೊಟ್ಟರು. ಕುದುರೆಯ ನಾಲ್ಕು ಕಾಲು ನಾಲ್ಕು ಕಂಬವಿದ್ದಂತೆ, ಒಂದನ್ನು ರಿಪೇರಿಗೆ ತೆಗೆದರೆ ಮನೆ ಕಾಯುವುದಿಲ್ಲ. ಚಿತ್ರ ಏನನ್ನು ತೋರಿಸಿದರೂ ಈ ತೂಕದ ಲೆಕ್ಕವನ್ನು ತಿದ್ದಲಾರದು.

ಇನ್ನು ನಮ್ಮ ತಂಡದ ಹುಡುಗಿ ಕೇಳಿದ ಕಾಲಂಗಳ ಕತೆ. ಜಗತ್ತಿನ ಎಲ್ಲ ಆಸ್ಪತ್ರೆಗಳ ಚಿತ್ರಗಳೂ ಒಂದೇ ಭಾಷೆಯಲ್ಲಿ ಮಾತಾಡಲಿ ಎಂದು ಅಮೆರಿಕದ ವಿಕಿರಣ ವೈದ್ಯರೂ ಯಂತ್ರ ತಯಾರಕರೂ ಸೇರಿ 1985ರಲ್ಲಿ ಒಂದು ನಿಯಮಾವಳಿ ಮಾಡಿದರು. 1993ರಲ್ಲಿ ಅದು ಡೈಕಾಮ್ ಆಯಿತು. ಅದು ಮನುಷ್ಯನನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಹೆಸರು, ಹುಟ್ಟಿದ ದಿನ, ಗಂಡೋ ಹೆಣ್ಣೋ. ಆದ್ದರಿಂದ ಪಶುವೈದ್ಯರು ಮಾಲೀಕನ ಅಡ್ಡಹೆಸರಿನ ಪಕ್ಕದಲ್ಲಿ ಕುದುರೆಯ ಹೆಸರನ್ನು ತುರುಕುತ್ತಿದ್ದರು, ತಳಿಯನ್ನು ಟಿಪ್ಪಣಿಯಲ್ಲಿ ಬರೆಯುತ್ತಿದ್ದರು. ನಾವು ಸಾಗಿಸಿದ ಹಳೆಯ ಫೈಲುಗಳಲ್ಲಿ ಒಂದೇ ಕುದುರೆ ಮೂರು ಹೆಸರಿನಲ್ಲಿತ್ತು, ಒಂದೇ ಹೆಸರಿನಲ್ಲಿ ಮೂರು ಕುದುರೆಗಳಿದ್ದವು. ಆಮೇಲೆ ನಿಯಮಾವಳಿಗೆ ಪ್ರಾಣಿಗಳ ಕಾಲಂಗಳು ಸೇರಿದವು. ಲಿಂಗದ ಜತೆಗೆ, ಬೀಜ ಒಡೆದಿದೆಯೋ ಇಲ್ಲವೋ ಎಂದು ಬೇರೆಯೇ ಕಾಲಂ. ನಮ್ಮಲ್ಲಿ ಹೋರಿ ಎಂದರೆ ಒಂದು, ಎತ್ತು ಎಂದರೆ ಇನ್ನೊಂದು; ಒಂದೊಂದು ಶಬ್ದದಲ್ಲಿ ಮುಗಿಯುವುದಕ್ಕೆ ಅವರಿಗೆ ಎರಡೆರಡು ಕಾಲಂ ಬೇಕಾಯಿತು ಎಂದು ತಂಡಕ್ಕೆ ಹೇಳಿ ನಗಿಸಿದ್ದೆ. ಜವಾಬ್ದಾರ ವ್ಯಕ್ತಿ ಎಂಬ ಕಾಲಂ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಅದರಲ್ಲಿ ಪಾತ್ರವನ್ನೂ ತುಂಬಬೇಕು: ಮಾಲೀಕ, ಪಾಲಕ, ಏಜೆಂಟ್, ಪಶುವೈದ್ಯ, ಹೀಗೆ. ರೋಗಿಗೆ ಬಾಯಿಲ್ಲ, ಎಷ್ಟು ಖರ್ಚು ಮಾಡುವುದು, ಎಲ್ಲಿಗೆ ನಿಲ್ಲಿಸುವುದು ಎಂಬ ತೀರ್ಮಾನ ಈ ಕಾಲಂನಲ್ಲಿರುವವರದು.

ನಮ್ಮ ದೇಶದಲ್ಲಿ ದೊಡ್ಡ ಪ್ರಾಣಿಯ ಎಕ್ಸ್-ರೇ ಬೇರೆ ದಾರಿ ಹಿಡಿದಿದೆ, ಯಾಕೆಂದರೆ ಇಲ್ಲಿ ಬೆಲೆಯಿರುವುದು ಹಾಲಿಗೆ. ಹಿಸ್ಸಾರ್, ಲುಧಿಯಾನಗಳ ಪಶುವೈದ್ಯ ಕಾಲೇಜುಗಳಲ್ಲಿ ಎಮ್ಮೆಗಳ ವಪೆ ಹರಿದು ಹೊಟ್ಟೆಯ ಒಂದು ಭಾಗ ಎದೆಗೂಡಿಗೆ ನುಗ್ಗುವ ರೋಗದ ಮೇಲೆ ದಶಕಗಳಿಂದ ಕೆಲಸ ನಡೆದಿದೆ. ಮೇವಿನ ಜತೆ ನುಂಗಿದ ಮೊಳೆ, ತಂತಿಯ ಚೂರು ಜಾಲಹೊಟ್ಟೆಯಲ್ಲಿ ಕೂತು ವಪೆಯನ್ನು, ಕೆಲವೊಮ್ಮೆ ಹೃದಯದ ಚೀಲವನ್ನೇ ಚುಚ್ಚುತ್ತದೆ. ನಿಂತ ಎಮ್ಮೆಯ ಪಕ್ಕೆಯಿಂದ ಅದನ್ನು ನೋಡಬೇಕೆಂದರೆ ಕೈಯಲ್ಲಿ ಹಿಡಿಯುವ ಯಂತ್ರ ಸಾಲದು, ಚಾವಣಿಗೆ ತೂಗಿದ ದೊಡ್ಡದೇ ಬೇಕು. ಡಿಜಿಟಲ್ ಫಲಕವೂ ಈ ಮಾಂಸದ ಗೋಡೆಯನ್ನು ತೆಳ್ಳಗೆ ಮಾಡಲಾರದು. ಪೇಟೆಯ ದನಗಳ ಮಟ್ಟಿಗೆ ಇನ್ನೊಂದು ಕಷ್ಟ: ಮೊಳೆ ಬೆಳ್ಳಗೆ ಕಾಣುತ್ತದೆ, ಹೊಟ್ಟೆ ತುಂಬಿರುವ ಪ್ಲಾಸ್ಟಿಕ್ ಚೀಲ ಕಾಣುವುದಿಲ್ಲ.

ದಿಲ್ಲಿಯ ಓದುಗರಿಗೆ ಹತ್ತಿರದ ಮಾತೊಂದು ಹೇಳಬೇಕು. ಮಥುರೆಯ ಬಳಿ 2018ರ ನವೆಂಬರಿನಲ್ಲಿ ದೇಶದ ಮೊದಲ ಆನೆ ಆಸ್ಪತ್ರೆ ಶುರುವಾಯಿತು. ವೈಲ್ಡ್‌ಲೈಫ್ ಎಸ್‌ಓಎಸ್ ಸಂಸ್ಥೆ ನಡೆಸುವ ಅದರಲ್ಲಿ ತಂತಿಯಿಲ್ಲದ ಡಿಜಿಟಲ್ ಎಕ್ಸ್-ರೇ ಇದೆ. ಅಲ್ಲಿಗೆ ಬರುವುದು ಸರ್ಕಸ್ಸಿನಲ್ಲಿ ಕುಣಿದ, ಡಾಂಬರು ರಸ್ತೆಯಲ್ಲಿ ಭಿಕ್ಷೆಗೆ ನಡೆದ ಆನೆಗಳು. ಆನೆಯ ಹೊಟ್ಟೆ, ಭುಜ ಯಾವ ಎಕ್ಸ್-ರೇಗೂ ದಕ್ಕುವುದಿಲ್ಲ. ದಕ್ಕುವುದು ಪಾದ, ಮತ್ತು ಇಂಥ ಆನೆ ಸೋಲುವುದೂ ಪಾದದಲ್ಲೇ. ಹಣ್ಣು ಕೊಟ್ಟು ಕೊಟ್ಟು ಪಾದವೆತ್ತಿ ದಿಮ್ಮಿಯ ಮೇಲಿಡಲು ಕಲಿಸಿದರೆ ಮತ್ತು ಬರಿಸದೆ ಚಿತ್ರ ತೆಗೆಯಬಹುದು. ನನ್ನ ಬೆಲೆಯ ಲೆಕ್ಕಕ್ಕೆ ಈ ಆಸ್ಪತ್ರೆ ಒಗ್ಗುವುದಿಲ್ಲ. ಈ ಆನೆಗಳಿಂದ ಯಾರಿಗೂ ಇನ್ನು ಕಾಸು ಹುಟ್ಟಬೇಕಾಗಿಲ್ಲ, ಆದರೂ ಯಂತ್ರ ಅವುಗಳ ಕಾಲ ಬಳಿ ಹೋಗಿದೆ. ಲೆಕ್ಕ ತಪ್ಪಿದ್ದು ಸಂತೋಷವೇ.

ಸೋಮನ ವಿಷಯಕ್ಕೆ ಬರುತ್ತೇನೆ. ಆ ಪ್ರಾಜೆಕ್ಟಿನ ದಿನಗಳಲ್ಲೇ ಒಂದು ರಾತ್ರಿ ದನಗಳ ಕುಂಟುವಿಕೆಯ ಮೇಲಿನ ಅಧ್ಯಾಯವನ್ನು ಓದುತ್ತಿದ್ದೆ. ದನದ ಗೊರಸು ಸೀಳಿರುತ್ತದೆ, ಒಂದೊಂದು ಹೋಳಿನಲ್ಲೂ ಒಂದೊಂದು ಎಲುಬು. ಮುಂಗಾಲಿನ ಒಳಹೋಳಿನ ಎಲುಬು ಒಮ್ಮೆಲೇ ಮುರಿಯುವುದುಂಟು, ಹೊರಗೆ ಗಾಯವಿರುವುದಿಲ್ಲ. ಆಗ ಪ್ರಾಣಿ ಒಳಹೋಳಿನ ಮೇಲೆ ಭಾರ ಬೀಳದಂತೆ ಮುಂಗಾಲುಗಳನ್ನು ಒಂದರ ಮೇಲೊಂದು ಹೆಣೆದು ನಿಲ್ಲುತ್ತದೆ ಎಂದು ಅಲ್ಲಿ ಬರೆದಿತ್ತು. ಆ ಸಾಲನ್ನು ಎರಡು ಸಲ ಓದಿದೆ. ಚಿಕಿತ್ಸೆ: ಗಟ್ಟಿಯಿರುವ ಇನ್ನೊಂದು ಹೋಳಿನ ಅಡಿಗೆ ಒಂದು ಮರದ ತುಂಡನ್ನು ಅಂಟಿಸಿ, ಮುರಿದ ಹೋಳು ನೆಲಕ್ಕೆ ತಾಗದಂತೆ ಮಾಡಿ, ಆರೆಂಟು ವಾರ ಕೊಟ್ಟಿಗೆಯಲ್ಲಿ ಕಟ್ಟುವುದು. ಕೀವಾಗಿದ್ದರೆ ಬೇರೆ, ಗೊರಸನ್ನು ಕೆತ್ತಿ ಕೀವು ಬಿಡಬೇಕು. ಒಂದಕ್ಕೆ ಮರದ ತುಂಡು, ಇನ್ನೊಂದಕ್ಕೆ ಬಾಚಿಯಂಥ ಚೂರಿ. ಎರಡೂ ಊರಲ್ಲೇ ಇದ್ದವು. ಎರಡರಲ್ಲಿ ಯಾವುದು ಎಂದು ಹೇಳುವ ಒಂದು ಚಿತ್ರ ಇರಲಿಲ್ಲ. ಡಾಕ್ಟರು ಹೇಳಿದ್ದು ಅಕ್ಷರಶಃ ಸರಿ, ಅಜ್ಜ ಹೇಳಿದ್ದೂ ಸರಿ.

ಈಗ ಊರಿನಿಂದ 1962ಕ್ಕೆ ಫೋನ್ ಮಾಡಿದರೆ ಸರ್ಕಾರದ ಪಶು ಚಿಕಿತ್ಸಾ ವಾಹನ ಬಾಗಿಲಿಗೇ ಬರುತ್ತದೆ ಎಂದು ತಮ್ಮ ಹೇಳುತ್ತಾನೆ. ಎತ್ತು ಕಟ್ಟುವವರು ಮಾತ್ರ ಓಣಿಯಲ್ಲಿ ಇಬ್ಬರೋ ಮೂವರೋ ಉಳಿದಿದ್ದಾರಂತೆ. ಉಳಿದವರೆಲ್ಲ ಟ್ರ್ಯಾಕ್ಟರು ಬಾಡಿಗೆಗೆ ತರುತ್ತಾರೆ. ಮುಂಬಯಿಯ ಟ್ರಾಮಿನ ಕುದುರೆಗೆ ಆದದ್ದೇ.

ಹೊಸ ಸರ್ವರು ಶುರುವಾಗುವ ಮುನ್ನ ಎಲ್ಲ ಕಾಲಂಗಳೂ ಸರಿಯಾಗಿ ಕೂಡುತ್ತವೆಯೇ ಎಂದು ನೋಡಲು ಒಂದು ಸುಳ್ಳು ರೋಗಿಯ ದಾಖಲೆ ಬೇಕಿತ್ತು. ಹುಡುಗಿ ಮಾಮೂಲಿನಂತೆ 'ಟೆಸ್ಟ್ ಒಂದು' ಎಂದು ಹಾಕಹೊರಟಿದ್ದಳು. ನಾನೇ ಕೀಲಿಮಣೆ ತೆಗೆದುಕೊಂಡೆ. ಹೆಸರು, ಸೋಮ. ಪ್ರಾಣಿ, ದನ. ತಳಿ, ಖಿಲಾರಿ. ಲಿಂಗ, ಗಂಡು, ಬೀಜ ಒಡೆದಿದೆ. ಭಾಗ, ಎಡ ಮುಂಗಾಲಿನ ಗೊರಸು. ಜವಾಬ್ದಾರ ವ್ಯಕ್ತಿ ಎಂಬಲ್ಲಿ ಅಜ್ಜನ ಹೆಸರು ಬರೆದು, ಪಾತ್ರದ ಪಟ್ಟಿಯಲ್ಲಿ ಮಾಲೀಕ ಎಂಬುದರ ಮೇಲೆ ಒಂದಿಷ್ಟು ಹೊತ್ತು ಬೆರಳಿಟ್ಟು, ಪಾಲಕ ಎಂದು ಆರಿಸಿದೆ. ದಾಖಲೆ ಎರಡೂ ಸರ್ವರಿನಲ್ಲಿ ಸರಿಯಾಗಿ ತೆರೆದುಕೊಂಡಿತು, ಚಿತ್ರದ ಜಾಗದಲ್ಲಿ ಬೂದುಬಣ್ಣದ ಖಾಲಿ ಚೌಕ. ಕೆಲಸ ಶುರುವಾಗುವ ಹಿಂದಿನ ರಾತ್ರಿ ನಿಯಮದಂತೆ ಅದನ್ನು ಅಳಿಸಿದರು.